ಪಾತ್ರ ನಮ್ಮ ಕಡೆ ತಿರುಗಿದಾಗ

ಕಂಪನಿ ನಾಟಕದ ಹಾಸ್ಯನಟ ಕಥೆಯ ನಡುವೆಯೇ ನಮ್ಮತ್ತ ತಿರುಗಿ, ಮುಂದಿನ ಸಾಲಿನವರನ್ನು ಮಾತಿಗೆಳೆಯುತ್ತಾನೆ. ರಂಗಕ್ಕೂ ನಮಗೂ ನಡುವೆ ಇರುವ ಕಾಣದ ಗೋಡೆ ಆಗ ಬೀಳುತ್ತದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ದಾವಣಗೆರೆಗಾಗಲಿ, ನೆರೆಯ ಹರಿಹರಕ್ಕಾಗಲಿ ಈ ನಗೆ ಹೊಸದಲ್ಲ.

ಇದೇ ನಗೆ ಮಕ್ಕಳ ಅನಿಮೇಷನ್ ಚಿತ್ರಗಳಲ್ಲೂ ಇದೆ. 2012ರ ‘ರೆಕ್-ಇಟ್ ರಾಲ್ಫ್’ ಚಿತ್ರದ ಎರಡನೆಯ ಭಾಗ 2018ರಲ್ಲಿ ಬಂತು. ಅದರ ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗಿ, ಟ್ರೇಲರಿನಲ್ಲಿದ್ದ ಒಂದು ದೃಶ್ಯ ಸಿನಿಮಾದಲ್ಲಿ ಇರಲೇ ಇಲ್ಲ ಎಂದು ತಾಯಿಗೆ ದೂರುತ್ತಾಳೆ. ಮರುಕ್ಷಣವೇ ಈ ಚಿತ್ರದ ಟ್ರೇಲರಿನಲ್ಲಿ ನಾವು ನೋಡಿದ್ದ ದೃಶ್ಯ ತೆರೆಗೆ ಬರುತ್ತದೆ!

ಇಂಥ ನಗೆಯ ಬಗ್ಗೆ ಅಭಿಮಾನಿಗಳಲ್ಲಿ ಎರಡು ಮಾತು. ಕಥೆಯ ಮೇಲಿನ ನಂಬಿಕೆ ಕೆಡುತ್ತದೆ ಎಂಬುದು ಒಂದು. ನಮ್ಮ ನೆನಪಿಗೆ ಸಿಕ್ಕ ಮನ್ನಣೆ ಎಂಬುದು ಇನ್ನೊಂದು. ನಿರ್ಮಾಪಕನಾಗಿ ನನಗೆ ಮುಖ್ಯವಾಗಿ ಕಾಣುವುದು ಹೊತ್ತು. ಗೆಳೆಯರಿಬ್ಬರು ಅಗಲುವ ದೃಶ್ಯ ಮುಗಿದು, ನಾವು ಕಣ್ಣೊರೆಸಿಕೊಂಡ ಮೇಲೆ ಆ ನಗೆ ಬಂತು. ಪಳಗಿದ ಹಾಸ್ಯನಟನೂ ಅಷ್ಟೇ, ನಾಯಕಿ ಅಳುವಾಗ ಬಾಯಿ ಹಾಕುವುದಿಲ್ಲ. ಮಕ್ಕಳಿಗಾಗಿ ಚಿತ್ರ ಮಾಡುವವರು ಇಷ್ಟನ್ನು ನೆನಪಿಟ್ಟರೆ ನಗೆಯೂ ಉಳಿಯುತ್ತದೆ, ಕಥೆಯೂ ಉಳಿಯುತ್ತದೆ.