ಕೈ ತಿರುಗಿಸುವ ರೇಡಿಯೋ ಮತ್ತು ಮಳೆಗಾಲ



ಆಟಿ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಅಡಕೆ ಬೆಳೆಗಾರನಿಗೆ ಮೊದಲು ಬೇಕಾದ್ದು ಏನು? ನಾಳೆ ಮಳೆ ಬಿಡುತ್ತದೋ ಇಲ್ಲವೋ ಎಂಬ ಸುದ್ದಿ. ಬೋರ್ಡೋ ಮದ್ದು ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಹೊಯ್ದರೆ ಮೈಲುತುತ್ತವೂ ಹೋಯಿತು, ಆಳಿನ ಸಂಬಳವೂ ಹೋಯಿತು. ಉಳಿಯುವುದು ಕೊಳೆರೋಗ ಮಾತ್ರ. ಆ ಹೊತ್ತಿಗೇ ಕರೆಂಟು ಇರುವುದಿಲ್ಲ. ಎರಡು ದಿನ ಕಳೆದರೆ ಮೊಬೈಲೂ ಸತ್ತಿರುತ್ತದೆ. ಅಂಥ ಕಾಲಕ್ಕೆ ಇರಲಿ ಎಂದು ನಾನೂ ಒಂದು ಕೈ ತಿರುಗಿಸುವ ರೇಡಿಯೋ ತಂದು ಅಟ್ಟದಲ್ಲಿಟ್ಟಿದ್ದೆ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆ ಮುಚ್ಚಿದಾಗ ಅದನ್ನು ಕೆಳಗಿಳಿಸಿದೆ. ತಿರುಗಿಸಿದೆ, ತಿರುಗಿಸಿದೆ, ಕೈ ಸೋತಿತೇ ಹೊರತು ಸ್ವರ ಬರಲಿಲ್ಲ. ಬಿಚ್ಚಿ ನೋಡಿದರೆ ಡೈನಮೋ ಸರಿಯಾಗಿಯೇ ಉಂಟು. ಒಳಗಿನ ಮೂರು ನಿಕೆಲ್ ಸೆಲ್ಲುಗಳು ಕಿಲುಬು ಹಿಡಿದು ಸತ್ತಿದ್ದವು. ಖಾಲಿ ಸೆಲ್ಲನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಆಗುವುದೇ ಇದು. ತಪ್ಪು ನನ್ನದೇ ಅನ್ನಿ.

ಆ ಸೆಲ್ಲಿನ ಜಾಗಕ್ಕೆ ಈಗ ಸೂಪರ್ ಕೆಪಾಸಿಟರ್ ಹಾಕಿಸಿದ್ದೇನೆ. ಸೆಲ್ಲು ಪತ್ತಾಯದ ಭತ್ತವಾದರೆ ಇದು ಕೊಡಪಾನದ ನೀರು: ಬೇಗ ತುಂಬುತ್ತದೆ, ಬೇಗ ಮುಗಿಯುತ್ತದೆ. ಆದರೆ ಲಕ್ಷ ಸಲ ತುಂಬಿ ಬರಿದು ಮಾಡಿದರೂ ಕೊಡಪಾನಕ್ಕೆ ಕೇಡಿಲ್ಲ, ಖಾಲಿ ಇಟ್ಟರೂ ಕೆಡುವುದಿಲ್ಲ. ಬಿಸಿ ಮಾತ್ರ ಆಗದು. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ.

2.7 ವೋಲ್ಟಿನ, 25 ಫ್ಯಾರಡಿನ ಎರಡನ್ನು ಒಂದರ ಹಿಂದೆ ಒಂದು ಜೋಡಿಸತಕ್ಕದ್ದು. ಪಟ್ಟೆ ಇರುವ ಕಡೆ ಋಣ, ತಿರುವುಮುರುವು ಆಗಕೂಡದು. ಸೆಲ್ಲು ಇರುವಾಗ ವೋಲ್ಟೇಜನ್ನು ಅದೇ ಹಿಡಿದು ನಿಲ್ಲಿಸುತ್ತಿತ್ತು. ಈಗ ಹಿಡಿಯುವವರಿಲ್ಲ; ಹುಡುಗರು ಜೋರಾಗಿ ತಿರುಗಿಸಿದರೆ ರೇಡಿಯೋ ಸುಟ್ಟೀತು. ಆದ್ದರಿಂದ ಡೈನಮೋದಿಂದ ಬರುವ ತಂತಿಗೆ 4.3 ವೋಲ್ಟಿನ, 5 ವಾಟಿನ ಜೀನರ್ ಡಯೋಡ್ ಹಾಕಿಸಿ, ಅಲ್ಲಿಂದ ಒಂದು ಶಾಟ್ಕಿ ಡಯೋಡ್ ದಾಟಿ ಕೆಪಾಸಿಟರಿಗೆ ಕೊಡಿಸಿ. ಪೇಟೆಯ ರೇಡಿಯೋ ರಿಪೇರಿಯವರಿಗೆ ಇಷ್ಟು ಹೇಳಿದರೆ ಸಾಕು. ಆದರೆ ಇದು ಮೂರು ನಿಕೆಲ್ ಸೆಲ್ಲಿನ ರೇಡಿಯೋದ ಮಾತು. ಲಿಥಿಯಂ ಸೆಲ್ ಇರುವುದಕ್ಕೆ ಕೈ ಹಾಕಬೇಡಿ, ಅದರ ಲೆಕ್ಕವೇ ಬೇರೆ.

ಮೊದಲ ಸಲ ಹಿಡಿ ಭಾರ ಅನ್ನಿಸುತ್ತದೆ, ಬರಿದಾದ ಕೆಪಾಸಿಟರ್ ಕರೆಂಟನ್ನು ಗಟಗಟನೆ ಕುಡಿಯುವುದರಿಂದ. ಎರಡು ನಿಮಿಷ ನಿಧಾನ ತಿರುಗಿಸಿ. ಸಣ್ಣ ಸ್ವರದಲ್ಲಿ ಎಂಟು-ಹತ್ತು ನಿಮಿಷ ಕೇಳಬಹುದು. ಮತ್ತೆ ಅರ್ಧ-ಮುಕ್ಕಾಲು ನಿಮಿಷ ತಿರುಗಿಸಿದರೆ ಇನ್ನೊಂದು ಅಷ್ಟು. ರಾತ್ರಿಯಿಡೀ ಯಕ್ಷಗಾನ ಕೇಳುವವರಿಗೆ ಇದು ಹೇಳಿದ್ದಲ್ಲ, ಅವರಿಗೆ ಸೆಲ್ಲೇ ಸರಿ. ಮಂಗಳೂರು ಆಕಾಶವಾಣಿಯ ಹವಾಮಾನ ಕೇಳಿ ನಾಳೆ ಮದ್ದು ಬಿಡುವುದೋ ಬೇಡವೋ ಎಂದು ತೀರ್ಮಾನಿಸಲು ಅಷ್ಟು ಹೊತ್ತು ಧಾರಾಳ ಆಯಿತು.

ಮತ್ತೊಂದು ಮಾತು. ತೆಗೆದ ಹಳೆ ಸೆಲ್ಲುಗಳಲ್ಲಿ ಕೆಲವದರಲ್ಲಿ ಕ್ಯಾಡ್ಮಿಯಂ ವಿಷ ಉಂಟು. ಗೊಬ್ಬರದ ಗುಂಡಿಗೂ ತೋಡಿಗೂ ಎಸೆಯದೆ, ಡಬ್ಬಿಯಲ್ಲಿ ಕಟ್ಟಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.