ಕಾಲ್ನಡಿಗೆಯೂ ಮಿದುಳೂ: ದಾರಿ ಉಳಿದರೆ ನೆನಪೂ ಉಳಿದೀತು

(ತುಳಸಿಗೇರಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ನಡಿಗೆಯ ಮಹತ್ವವನ್ನು ಕುರಿತು ಮಾತನಾಡಲು ತುಳಸಿಗೇರಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಶ್ರಾವಣದ ಶನಿವಾರಗಳಂದು ಮಾರುತಿಯ ದರ್ಶನಕ್ಕಾಗಿ ಸುತ್ತಲಿನ ಊರುಗಳಿಂದ ಜನರು ನಡೆದೇ ಇಲ್ಲಿಗೆ ಬರುತ್ತಾರೆ. ಯುಗಾದಿ ಸಮೀಪಿಸಿದಾಗ ಇದೇ ಸೀಮೆಯ ಭಕ್ತರು ಹೆಗಲಿಗೆ ಚೀಲವೇರಿಸಿ, ಶ್ರೀಶೈಲದವರೆಗಿನ ನೂರಾರು ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸುತ್ತಾರೆ. ನಡೆದು ಬಂದವರನ್ನು ವಿಚಾರಿಸಿದರೆ, ಅಂಗಾಲಿನ ಬೊಬ್ಬೆಗಳ ಮಾತನ್ನು ಮೊದಲು ಹೇಳಿ, ಮನಸ್ಸು ಮಾತ್ರ ಹಗುರಾಯಿತೆಂದು ಮುಗಿಸುತ್ತಾರೆ. ಈ ಹಗುರತನವು ಬರಿಯ ಭಾವನೆಯೇ, ಅಥವಾ ನಡೆಯುವವರ ಮಿದುಳಿನಲ್ಲಿ ನಿಜವಾಗಿಯೂ ಏನಾದರೂ ಬದಲಾಗುತ್ತದೆಯೇ ಎಂಬುದೇ ಇಂದಿನ ವಿಷಯ.

ವಿಷಯ ಸಣ್ಣದಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದಾಗ, ಪರಿಚಿತ ಓಣಿಯಲ್ಲೇ ದಾರಿ ತಪ್ಪಿದಾಗ, ಅದು ವಯಸ್ಸಿನ ಸಹಜ ಗುಣವೆಂದು ಸುಮ್ಮನಾಗುವುದು ರೂಢಿ. ಆದರೆ ಅದು ಮರೆಗುಳಿ ರೋಗದ, ಅಂದರೆ ಡಿಮೆನ್ಶಿಯಾದ ಲಕ್ಷಣವೂ ಆಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಈ ರೋಗದಿಂದ ಬಳಲುತ್ತಿದ್ದಾರೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಇದರ ಪ್ರಮಾಣ ಹೆಚ್ಚು. ಹಳ್ಳಿಯ ಗಾಳಿ, ಹಳ್ಳಿಯ ರೊಟ್ಟಿ, ಹಳ್ಳಿಯ ದುಡಿಮೆ ಇವು ತಾವಾಗಿಯೇ ಕಾಪಾಡುತ್ತವೆಂಬ ನಂಬಿಕೆಯನ್ನು ಈ ಅಂಕಿಗಳು ಅಲುಗಿಸುತ್ತವೆ. ಓದಿನ ಅವಕಾಶ ದೊರೆಯದಿರುವುದು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗದಿರುವುದು ಇಂಥವೂ ಮಿದುಳಿನ ಮೇಲೆ ಭಾರ ಹೇರುತ್ತವೆ.

ಮೊದಲು ಮಿದುಳಿನ ಸ್ವಭಾವವನ್ನು ತಿಳಿಯಬೇಕು. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ, ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಅದೊಂದೇ ಕಬಳಿಸುತ್ತದೆ. ಈ ಶಕ್ತಿಯೆಲ್ಲವೂ ರಕ್ತದ ಮೂಲಕವೇ ತಲುಪಬೇಕು. ಬಿರುಸಾಗಿ ನಡೆದಾಗ ಹೃದಯದ ಬಡಿತ ಏರುತ್ತದೆ, ರಕ್ತದ ಓಟ ಚುರುಕಾಗುತ್ತದೆ. ಈ ಅಭ್ಯಾಸ ತಿಂಗಳುಗಟ್ಟಲೆ ಮುಂದುವರಿದರೆ ರಕ್ತನಾಳಗಳು ಮೃದುವಾಗಿ ಉಳಿಯುತ್ತವೆ, ರಕ್ತದೊತ್ತಡ ಮತ್ತು ಸಕ್ಕರೆ ಹತೋಟಿಗೆ ಬರುತ್ತವೆ. ಇದರೊಂದಿಗೆ, ನರಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನು ವ್ಯಾಯಾಮದಿಂದ ಹೆಚ್ಚುತ್ತದೆ. ಹೊಲಕ್ಕೆ ಗೊಬ್ಬರವಿದ್ದಂತೆ ನರಕೋಶಗಳಿಗೆ ಅದು. ಅವುಗಳ ನಡುವಿನ ಸಂಪರ್ಕಗಳು ಗಟ್ಟಿಗೊಳ್ಳಲು ಅದು ನೆರವಾಗುತ್ತದೆ.

ಮಿದುಳಿನ ಒಳಭಾಗದಲ್ಲಿ, ಎರಡೂ ಪಕ್ಕಗಳಲ್ಲಿ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸ ನೆನಪುಗಳು ರೂಪುಗೊಳ್ಳಲು ಅದು ಅತ್ಯಗತ್ಯ. ಇದೇ ಭಾಗ ದಾರಿಯನ್ನೂ ಗುರುತಿಟ್ಟುಕೊಳ್ಳುತ್ತದೆ. ಪ್ರಾಣಿಯೊಂದು ನಿರ್ದಿಷ್ಟ ಸ್ಥಳದಲ್ಲಿದ್ದಾಗ ಮಾತ್ರ ಎಚ್ಚೆತ್ತುಕೊಳ್ಳುವ ‘ಸ್ಥಳಕೋಶ’ಗಳನ್ನು ಜಾನ್ ಓ’ಕೀಫ್ ಅವರು 1971ರಲ್ಲಿ ಇಲಿಗಳ ಮಿದುಳಿನ ಈ ಭಾಗದಲ್ಲಿಯೇ ಗುರುತಿಸಿದರು; 2014ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ನೆನಪು ಮತ್ತು ದಾರಿ ಮಿದುಳಿನಲ್ಲಿ ಒಂದೇ ಮನೆಯ ನಿವಾಸಿಗಳೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆಲ್‌ಝೈಮರ್ಸ್ ರೋಗವು ಆರಂಭದಲ್ಲಿಯೇ ಘಾಸಿಗೊಳಿಸುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಆದುದರಿಂದಲೇ ಆ ರೋಗಿಗಳು ಮೊದಲು ಹೊಸ ಸಂಗತಿಗಳನ್ನು ಮರೆಯುತ್ತಾರೆ, ದಾರಿಯನ್ನೂ ತಪ್ಪುತ್ತಾರೆ.

ವಯಸ್ಸಾದಂತೆ ಈ ಭಾಗವು ಎಲ್ಲರಲ್ಲಿಯೂ ಅಷ್ಟಿಷ್ಟು ಕುಗ್ಗುತ್ತದೆ. ಅಮೆರಿಕದ ಕಿರ್ಕ್ ಎರಿಕ್ಸನ್ ಮತ್ತು ಸಂಗಡಿಗರು 55ರಿಂದ 80 ವರ್ಷ ವಯಸ್ಸಿನ 120 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷ ಪರೀಕ್ಷಿಸಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ನಡೆಯಿತು. ಇನ್ನೊಂದು ಗುಂಪು ಮೈ ಸಡಿಲಿಸುವ ಲಘು ವ್ಯಾಯಾಮವನ್ನಷ್ಟೇ ಮಾಡಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡನೆಯ ಗುಂಪಿನವರ ಹಿಪೊಕ್ಯಾಂಪಸ್ ಸುಮಾರು ಶೇ. 1.4ರಷ್ಟು ಕುಗ್ಗಿದ್ದರೆ, ನಡೆದವರಲ್ಲಿ ಅದು ಶೇ. 2ರಷ್ಟು ಹಿಗ್ಗಿತ್ತು. ನಂತರದ ಅಧ್ಯಯನಗಳೆಲ್ಲವೂ ಇದೇ ಪ್ರಮಾಣದ ಹಿಗ್ಗುವಿಕೆಯನ್ನು ಕಂಡಿಲ್ಲ. ಕುಗ್ಗುವುದು ತಡವಾಗುತ್ತದೆ ಎಂಬಷ್ಟನ್ನೇ ಕೆಲವು ಸೂಚಿಸಿವೆ. ಅಷ್ಟಾದರೂ ಅದು ದೊಡ್ಡ ಲಾಭವೇ. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ: ನಡೆದವರಾರೂ ಕ್ರೀಡಾಪಟುಗಳಾಗಿರಲಿಲ್ಲ. ಮೊದಲ ವಾರ ಅವರು ನಡೆದದ್ದು ಕೇವಲ 10 ನಿಮಿಷ. ವಾರವಾರವೂ 5 ನಿಮಿಷಗಳನ್ನು ಕೂಡಿಸುತ್ತ 40 ನಿಮಿಷಗಳಿಗೆ ತಲುಪಿದರು.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಠವಿದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು 20 ನಿಮಿಷ ನಡೆಸಿದ ಬಳಿಕ ಪರೀಕ್ಷಿಸಿದಾಗ, ಕುಳಿತೇ ಇದ್ದ ದಿನಕ್ಕಿಂತ ಅವರ ಏಕಾಗ್ರತೆಯೂ ಓದಿನ ಗ್ರಹಿಕೆಯೂ ಉತ್ತಮಗೊಂಡಿದ್ದವೆಂದು 2009ರಲ್ಲಿ ವರದಿಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಸ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡೆಯುವಾಗ ಜನರಿಗೆ ಹೊಸ ಹೊಸ ಆಲೋಚನೆಗಳು ಹೆಚ್ಚಾಗಿ ಹೊಳೆದವು. ನಡೆದು ಬಂದು ಕುಳಿತ ಮೇಲೂ ಆ ಚುರುಕು ಸ್ವಲ್ಪ ಕಾಲ ಉಳಿಯಿತು. ಆದರೆ ಒಂದೇ ಸರಿಯುತ್ತರವಿರುವ ಒಗಟುಗಳನ್ನು ಬಿಡಿಸುವಲ್ಲಿ ನಡೆಯುತ್ತಿದ್ದವರು ತುಸು ಹಿಂದೆ ಬಿದ್ದರು. ಪ್ರಬಂಧಕ್ಕೆ ವಿಷಯ ಹೊಳೆಯದಿದ್ದಾಗ ಹೊರಗೆ ನಡೆದು ಬರುವುದು ಲೇಸು. ಲೆಕ್ಕವನ್ನು ಬಿಡಿಸುವುದಕ್ಕೆ ಮರಳಿ ಚಾಪೆಯ ಮೇಲೆ ಕುಳಿತುಕೊಳ್ಳುವುದು ಲೇಸು. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದ ಹಿರಿಯರು ಎರಡನ್ನೂ ಒಟ್ಟಿಗೆ ಹೇಳಿದ್ದರು.

ಎಲ್ಲಿ ನಡೆಯಬೇಕೆಂಬ ಪ್ರಶ್ನೆಯೂ ಮುಖ್ಯವಾದುದು. 2015ರಲ್ಲಿ ಪ್ರಕಟವಾದ ಮತ್ತೊಂದು ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಕೆಲವರನ್ನು ಮರಗಿಡಗಳಿರುವ ಹುಲ್ಲುಗಾವಲಿನಲ್ಲಿಯೂ, ಇನ್ನು ಕೆಲವರನ್ನು ವಾಹನಗಳಿಂದ ಗಿಜಿಗುಡುವ ಹೆದ್ದಾರಿಯ ಬದಿಯಲ್ಲಿಯೂ 90 ನಿಮಿಷ ನಡೆಸಲಾಯಿತು. ನೊಂದ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವ ಪ್ರವೃತ್ತಿ ಮೊದಲನೆಯವರಲ್ಲಿ ಕಡಿಮೆಯಾಯಿತು, ಎರಡನೆಯವರಲ್ಲಿ ಆಗಲಿಲ್ಲ. ನಡಿಗೆ ಒಂದೇ ಆದರೂ ದಾರಿ ಬೇರೆಯಾದರೆ ಫಲವೂ ಬೇರೆಯಾಗುತ್ತದೆ. ಮರೆಗುಳಿ ರೋಗವನ್ನು ಕುರಿತ ಲ್ಯಾನ್ಸೆಟ್ ಆಯೋಗವು 2024ರ ವರದಿಯಲ್ಲಿ, ತಡೆಯಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ದೈಹಿಕ ಚಟುವಟಿಕೆಯ ಕೊರತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನಗಳ ಜೊತೆಗೆ ವಾಯುಮಾಲಿನ್ಯವೂ ಅದರಲ್ಲಿದೆ. ಈ ಎಲ್ಲ ಕಾರಣಗಳನ್ನು ನಿವಾರಿಸಿದರೆ ಹತ್ತಿರ ಹತ್ತಿರ ಅರ್ಧದಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಒಳ್ಳೆಯ ಗಾಳಿಯಲ್ಲಿ, ಜೊತೆಗಾರರೊಡನೆ, ಮಾತನಾಡುತ್ತ ನಡೆಯುವವರು ಇವುಗಳಲ್ಲಿ ಹಲವನ್ನು ಒಂದೇ ಹೆಜ್ಜೆಯಲ್ಲಿ ಎದುರಿಸುತ್ತಾರೆ.

ಈ ಅಧ್ಯಯನಗಳಲ್ಲಿ ಬಹುಪಾಲು ಪರದೇಶದವು. ಹಳ್ಳಿಗರ ಮಿದುಳಿನ ಸ್ಥಿತಿಗತಿಯನ್ನು ಅರಿಯುವ ಮಹತ್ವದ ಯತ್ನವೊಂದು ಕರ್ನಾಟಕದಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ 10,000 ಜನರನ್ನು ವರ್ಷಗಳ ಕಾಲ ಪರೀಕ್ಷಿಸುವ ಗುರಿಯೊಂದಿಗೆ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನವನ್ನು ಕೈಗೊಂಡಿತು. ಮಿದುಳಿನ ಮುಪ್ಪು ಪಟ್ಟಣಿಗರ ಚಿಂತೆ ಮಾತ್ರವಲ್ಲ ಎಂಬುದನ್ನು ವಿಜ್ಞಾನವೂ ಮನಗಂಡಿದೆ.

‘ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬೇರೆ ನಡಿಗೆ ಏಕೆ?’ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಪ್ರಶ್ನೆ ನ್ಯಾಯವಾದುದೂ ಹೌದು. ತಲೆಯ ಮೇಲೆ ಕೊಡ, ಕಟ್ಟಿಗೆಯ ಹೊರೆ ಹೊತ್ತು ಬಸವಳಿದ ತಾಯಿಗೆ ಇನ್ನೂ 40 ನಿಮಿಷ ನಡೆಯೆಂದು ಉಪದೇಶಿಸುವುದು ಕ್ರೌರ್ಯ. ಆಕೆಗೆ ಬೇಕಾದುದು ಮನೆಯ ಹತ್ತಿರ ನೀರು ಮತ್ತು ತುಸು ವಿಶ್ರಾಂತಿ. ಆದರೆ ಹಳ್ಳಿಯ ಬದುಕು ಬದಲಾಗಿರುವುದನ್ನೂ ಒಪ್ಪಬೇಕು. ಎತ್ತಿನ ಹಿಂದೆ ನಡೆಯುತ್ತಿದ್ದವರು ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದಾರೆ. ಹತ್ತು ನಿಮಿಷದ ಹೊಲಕ್ಕೂ ಮೋಟಾರು ಸೈಕಲ್ ಬೇಕಾಗಿದೆ. ಶಾಲೆಯ ಮಕ್ಕಳು ವಾಹನವೇರಿ ಹೋಗಿ, ಮರಳಿ ಬಂದು ಮೊಬೈಲ್ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವೂ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯೂ ಅಗತ್ಯ. ವರ್ಷಕ್ಕೊಮ್ಮೆ ನಡೆಯುವ ಶ್ರೀಶೈಲದ ಯಾತ್ರೆ ಎಷ್ಟೇ ದೀರ್ಘವಾದರೂ ಉಳಿದ ದಿನಗಳ ಬಾಕಿಯನ್ನು ತೀರಿಸಲಾರದು. ಬಾಗಲಕೋಟೆ ಸೀಮೆಯ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ನಡೆಯುವುದು ಅಪಾಯಕರ. ಬೆಳಗಿನ ಜಾವವೋ ಇಳಿಹೊತ್ತೋ ಯೋಗ್ಯ. ಹೃದ್ರೋಗ, ಮೊಣಕಾಲು ನೋವು ಉಳ್ಳವರು ವೈದ್ಯರನ್ನು ಕೇಳಿ ಆರಂಭಿಸಬೇಕು. ನಡಿಗೆಯು ಮರೆಗುಳಿ ರೋಗಕ್ಕೆ ಮದ್ದಲ್ಲ. ಅದು ಬರುವ ಸಂಭವವನ್ನು ತಗ್ಗಿಸುವ ಉಪಾಯಗಳಲ್ಲಿ ಒಂದು.

ನಡೆಯಲು ಮನಸ್ಸಿದ್ದರೆ ಸಾಲದು, ದಾರಿಯೂ ಇರಬೇಕು. ಈ ಜಿಲ್ಲೆಯ ಜನರಿಗೆ ದಾರಿ ಕಳೆದುಕೊಳ್ಳುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನೂ, ನದಿದಂಡೆಯ ಅನೇಕ ಹಳ್ಳಿಗಳನ್ನೂ ನುಂಗಿದಾಗ ಮನೆಗಳೊಂದಿಗೆ ಓಣಿಗಳು, ಹೊಳೆಯ ಹಾದಿಗಳು, ಹೊಲದ ದಾರಿಗಳೂ ಮುಳುಗಿದವು. ಪುನರ್ವಸತಿ ಕೇಂದ್ರಗಳ ನೇರ ರಸ್ತೆಗಳಲ್ಲಿ ಹಿರಿಯರು ಹೊಸದಾಗಿ ದಾರಿ ಕಲಿಯಬೇಕಾಯಿತು. ಇಳಕಲ್ಲ-ಹುನಗುಂದ ಭಾಗದಲ್ಲಿ ಕೆಂಪು ಗ್ರಾನೈಟಿಗಾಗಿ ನೆಲವನ್ನು ಅಗೆಯಲಾಗಿದೆ. ಗಣಿ ತೆರೆದಲ್ಲಿ ಕಾಲುದಾರಿ ಮುಚ್ಚುತ್ತದೆ, ದೂಳು ಏಳುತ್ತದೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಸಾಗುವ ಹಳೆಯ ಕಾಲುದಾರಿಯಂಥವು ಜನರು ನಡೆಯುತ್ತಿರುವವರೆಗೆ ಮಾತ್ರ ಜೀವಂತವಾಗಿರುತ್ತವೆ. ನಡೆಯದ ದಾರಿಯನ್ನು ಮುಳ್ಳುಕಂಟಿ ಮುಚ್ಚುತ್ತದೆ, ಆ ಮೇಲೆ ಬೇಲಿ ಬರುತ್ತದೆ.

ಪರಿಸರ ಚಳವಳಿಗೂ ನಡಿಗೆಗೂ ಇರುವ ನಂಟು ಹೊಸದಲ್ಲ. 1983ರಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನರು ಮರಗಳನ್ನು ಅಪ್ಪಿಕೊಳ್ಳಲು ಕಾಡಿಗೆ ನಡೆದೇ ಹೋದರು. 1987–88ರ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಯಲ್ಲಿ ಉತ್ತರದಿಂದ ಒಂದು ತಂಡ, ಕನ್ಯಾಕುಮಾರಿಯಿಂದ ಇನ್ನೊಂದು ತಂಡ ಸುಮಾರು 100 ದಿನಗಳ ಕಾಲ ನಡೆದು ಗೋವೆಯಲ್ಲಿ ಒಂದಾದವು. ವಾಹನದಲ್ಲಿ ಸಾಗುವವರಿಗೆ ಗುಡ್ಡವು ದೂರದ ನೋಟ ಮಾತ್ರ. ನಡೆಯುವವರಿಗೆ ಒಣಗಿದ ಹಳ್ಳ, ಕಡಿದ ಮರದ ಬೊಡ್ಡೆ, ಕೊಚ್ಚಿಹೋದ ಮಣ್ಣು ಎಲ್ಲವೂ ಕಾಣುತ್ತವೆ. ಕಂಡದ್ದು ಚಿಂತನೆಯಾಗುತ್ತದೆ.

ಮಾಡಬೇಕಾದ ಕೆಲಸ ದುಬಾರಿಯದಲ್ಲ. ಪ್ರತಿ ಊರಿನ ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳು ಗುರುತಾಗಿರುತ್ತವೆ. ವಿದ್ಯಾರ್ಥಿಗಳು ಆ ನಕಾಶೆಯ ಪ್ರತಿಯನ್ನು ಪಡೆದು, ಊರಿನ ಹಿರಿಯರನ್ನು ಮುಂದಿಟ್ಟುಕೊಂಡು ಒಂದೊಂದೇ ದಾರಿಯನ್ನು ನಡೆದು ನೋಡಲಿ. ಯಾವುದು ತೆರೆದಿದೆ, ಯಾವುದು ಒತ್ತುವರಿಯಾಗಿದೆ, ಎಲ್ಲಿ ನೆರಳಿಲ್ಲ ಎಂಬುದನ್ನು ಬರೆದಿಡಲಿ. ಮುಚ್ಚಿದ ದಾರಿಗಾಗಿ ಗ್ರಾಮಸಭೆಯಲ್ಲಿ ಠರಾವು ಆಗಲಿ, ತಹಶೀಲ್ದಾರರಿಗೆ ಅರ್ಜಿ ಹೋಗಲಿ. ನೆರಳಿಲ್ಲದ ದಾರಿಯ ಬದಿಗೆ ಬೇವು, ಹುಣಸೆ ನೆಡುವ ಕೆಲಸ ಮಳೆಗಾಲದಲ್ಲಿ ಆರಂಭವಾಗಲಿ. ಹೆಸರುಗಳನ್ನು, ಕತೆಗಳನ್ನು ಹೇಳುತ್ತ ಅಜ್ಜ ಮುಂದೆ ನಡೆದರೆ ಅವನ ನೆನಪು ಜಾಗೃತವಾಗಿರುತ್ತದೆ. ಕೇಳುತ್ತ ಹಿಂದೆ ನಡೆಯುವ ಮೊಮ್ಮಗಳಿಗೆ ಊರು ಪರಿಚಯವಾಗುತ್ತದೆ. ಆ ಮೊದಲ ನಡಿಗೆಗೆ ಹತ್ತು ನಿಮಿಷ ಸಾಕು.