ಸಹಕಾರೀ ಸಂಘವೂ ಸದಸ್ಯನ ಕರ್ತವ್ಯವೂ



ಒಕ್ಕಲುತನವು ಈ ಸೀಮೆಯ ಜನರ ಮುಖ್ಯವಾದ ಕಾಯಕವು. ಹಳಿಯಾಳದ ಬತ್ತ ಕಬ್ಬುಗಳ ಭೂಮಿಯಲ್ಲಾಗಲಿ, ಮುಂಡಗೋಡದ ಗದ್ದೆಗಳಲ್ಲಾಗಲಿ, ದಾಂಡೇಲಿಯ ಸುತ್ತಣ ಹಳ್ಳಿಗಳಲ್ಲಾಗಲಿ, ಜೊಯಿಡಾ ಕಾಡಿನ ನಡುವಣ ಬೇಸಾಯದಲ್ಲಾಗಲಿ, ಮಿರಗದ ಮಳೆ ಬೀಳುವ ಮುನ್ನ ಒಕ್ಕಲಿಗನಿಗೆ ಬೀಜವೂ ಗೊಬ್ಬರವೂ ಹಣವೂ ಬೇಕು. ಅದಕ್ಕಾಗಿ ಹಿಂದೆ ಸಾವಕಾರನೆದುರು ಕೈಕಟ್ಟಿ ನಿಂತವನು ಇಂದು ಸಹಕಾರೀ ಸಂಘಕ್ಕೆ ಹೋಗುತ್ತಾನೆ. ಅಲ್ಲಿಯೂ ಆತನು ಕೈಕಟ್ಟಿಯೇ ನಿಂತರೆ ಸಾಲ ಕೊಡುವವನು ಬದಲಾದನೇ ಹೊರತು ಒಕ್ಕಲಿಗನ ದೈನ್ಯವು ಹೋಗಲಿಲ್ಲ. ಸಂಘದಲ್ಲಿ ಸದಸ್ಯನು ಯಾಚಕನಲ್ಲ, ಒಡೆಯನು. ಈ ಒಡೆತನವನ್ನು ಆತನು ನಡೆಯಿಸದಿದ್ದರೆ ಮತ್ತೊಬ್ಬನು ನಡೆಯಿಸುವನು.

ಈ ಮಾತಿಗೆ ಪ್ರಮಾಣವು ಕನ್ನಡನಾಡಿನಲ್ಲಿಯೇ ಉಂಟು. ಸಹಕಾರೀ ಪತ್ತಿನ ಸಂಘಗಳ ಕಾಯದೆಯು 1904ನೆಯ ಇಸವಿಯಲ್ಲಿ ಹುಟ್ಟಿತು. ಮರುವರ್ಷವೇ, 1905ರಲ್ಲಿ, ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಗದಗು ಸೀಮೆಯ ಕಣಗಿನಹಾಳದಲ್ಲಿ ಒಕ್ಕಲಿಗರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭರತಖಂಡದ ಇಂಥ ಸಂಘಗಳಲ್ಲಿ ಅದು ಮೊದಲನೆಯದೆಂದು ಪ್ರಸಿದ್ಧವಾಗಿದೆ. ಆ ಕಾಯದೆಯ ಮೇರೆಗೆ ಗ್ರಾಮಸಂಘದ ಸಾಲಕ್ಕೆ ಸಾಮಾನ್ಯವಾಗಿ ಸದಸ್ಯರೆಲ್ಲರೂ ಮಿತಿಯಿಲ್ಲದ ಹೊಣೆಗಾರರು. ಒಬ್ಬನು ಸಾಲ ಮುಳುಗಿಸಿದರೆ ಮಿಕ್ಕವರ ಹೊಲಮನೆಗಳಿಗೂ ಬಾಧೆ ತಟ್ಟುವಂತಿತ್ತು. ಆದಕಾರಣ ಹಣವು ಬಿತ್ತನೆಗೆ ತಗಲುವುದೋ ಮದುವೆಯ ಚಪ್ಪರದಲ್ಲಿ ಕರಗುವುದೋ ಎಂದು ನೋಡುವ ಹೊಣೆಯು ನೆರೆಹೊರೆಯವರದೇ ಆಗಿತ್ತು. ಜರ್ಮನಿಯ ರಾಯಫೈಸನ್ನನು ಹಳ್ಳಿಗಳಿಗೆ ತೋರಿಸಿದ ಮಾರ್ಗವೂ ಇದೇ. 1844ರಲ್ಲಿ ಇಂಗ್ಲೆಂಡಿನ ರಾಚಡೇಲ ಊರಿನ 28 ಜನರು ಅಂಗಡಿಯನ್ನು ಕಟ್ಟಿದಾಗ ಬೆಳೆಸಿದ ಪದ್ಧತಿಯಿಂದ, ಶೇರು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತವೆಂಬ ಧರ್ಮವು ಲೋಕಕ್ಕೆ ತಿಳಿಯಿತು.

ಈ ಜಿಲ್ಲೆಯೂ ಹಿಂದೆ ಬೀಳಲಿಲ್ಲ. ಶಿರಸಿಯಲ್ಲಿ 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರೀ ಬ್ಯಾಂಕೂ 1923ರಲ್ಲಿ ತೋಟಗಾರರ ಮಾರಾಟ ಸಂಘವೂ ಹುಟ್ಟಿದವು. ಮುಂದೆ 1954ರ ಗ್ರಾಮೀಣ ಪತ್ತಿನ ಸಮೀಕ್ಷೆಯ ವರದಿಯು ಸಂಘಗಳಲ್ಲಿ ಸರಕಾರವೂ ಪಾಲುದಾರನಾಗಬೇಕೆಂದು ಹೇಳಿತು. ಅದರಿಂದ ಬಡವನಿಗೆ ಸಾಲ ದೊರೆಯುವ ಅನುಕೂಲವು ಹೆಚ್ಚಿತೆಂಬುದು ನಿಜ. ಆದರೆ ಹಣವು ಮೇಲಿನಿಂದ ಬರಲಾಗಿ ಸದಸ್ಯನ ಕಣ್ಣೂ ಮೇಲಕ್ಕೆ ತಿರುಗಿತು. ತನ್ನ ರೊಕ್ಕವೆಂದು ಕಾಯುತ್ತಿದ್ದುದನ್ನು ಸರಕಾರದ ರೊಕ್ಕವೆಂದು ಬಗೆದನು. ಸರಕಾರದ ರೊಕ್ಕವೆಂದ ಮೇಲೆ ಕಾಯುವವರಾರು?

ಕಾಯದೆಯು ಸದಸ್ಯನ ಕೈಬಿಟ್ಟಿಲ್ಲ. ಸಂವಿಧಾನದ 97ನೆಯ ತಿದ್ದುಪಡಿಯು 2011ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ರಾಜ್ಯಗಳ ಸಂಘಗಳನ್ನು ಕಟ್ಟುವ ಭಾಗವನ್ನು, ರಾಜ್ಯಗಳ ಅನುಮೋದನೆ ಇಲ್ಲವೆಂದು, ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ರದ್ದುಗೊಳಿಸಿತು. ಆದರೂ ಸಂಘಗಳ ಸ್ವಾಯತ್ತತೆಯನ್ನೂ ಸದಸ್ಯರ ನಿಯಂತ್ರಣವನ್ನೂ ಪೋಷಿಸಬೇಕೆಂಬ 43-ಬಿ ವಿಧಿಯು ಉಳಿದಿದೆ. ಕರ್ನಾಟಕದ 1959ರ ಕಾಯದೆಯು ಮಹಾಸಭೆ, ಚುನಾವಣೆ, ಲೆಕ್ಕತಪಾಸಣೆ, ವಿಚಾರಣೆಗಳ ಹಾದಿಯನ್ನು ತೆರೆದಿಟ್ಟಿದೆ. ಹಾದಿ ಇದ್ದು ನಡೆಯುವವರಿಲ್ಲದಿದ್ದರೆ ಹುಲ್ಲು ಬೆಳೆಯುವುದು.

ಸದಸ್ಯರೆಲ್ಲರೂ ಕೈಹಾಕಿದರೆ ಕೆಲಸ ಕೆಡುವುದೆಂದು ಕೆಲವರ ಆಕ್ಷೇಪವುಂಟು. ದಿನದ ಲೆಕ್ಕವು ಕಾರ್ಯದರ್ಶಿಯದು, ಧೋರಣೆಯು ಆಡಳಿತ ಮಂಡಳಿಯದು. ಅದರಲ್ಲಿ ಯಾರೂ ಅಡ್ಡಬರಬೇಕಾಗಿಲ್ಲ. ಆದರೆ ಇವರೀರ್ವರ ಕೆಲಸವನ್ನು ತೂಗಿ ನೋಡುವ ತಕ್ಕಡಿಯು ಮಹಾಸಭೆಯ ಕೈಯಲ್ಲಿದೆ. ಸದಸ್ಯನು ಅಢಾವೆ ಪತ್ರಿಕೆಯನ್ನು ಓದಿಸಿ ಕೇಳಲಿ. ಕಟಬಾಕಿ ಎಷ್ಟು, ಹೋದ ವರುಷಕ್ಕಿಂತ ಏರಿತೋ ಇಳಿಯಿತೋ? ಸುಸ್ತಿದಾರರಲ್ಲಿ ಮಂಡಳಿಯವರ ಹೆಸರು ಉಂಟೋ? ಆಪದ್ಧನವು ಎಲ್ಲಿದೆ? ತಪಾಸಣೆಯಲ್ಲಿ ತೋರಿಸಿದ ದೋಷಗಳನ್ನು ತಿದ್ದಿದರೋ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ನಡಾವಳಿಯ ಪುಸ್ತಕಕ್ಕೆ ರುಜು ಬೀಳಲಿ. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ದಾಸೋಹಕ್ಕೆ ಅಕ್ಕಿ ಕೊಟ್ಟ ಭಕ್ತನು ಹಸಿದವನಿಗೆ ಅದು ಮುಟ್ಟಿತೋ ಎಂದು ವಿಚಾರಿಸಿದರೆ ಅದು ಭಕ್ತಿಯೇ ಸರಿ. ಪ್ರಾಮಾಣಿಕನಾದ ಅಧ್ಯಕ್ಷನಿಗೆ ಪ್ರಶ್ನೆಯೇ ರಕ್ಷೆ.

ಈ ನಾಲ್ಕು ತಾಲೂಕುಗಳಿಗೆ ವಿಶೇಷವಾದ ಅಡಚಣೆಗಳೂ ಉಂಟು. ಮಾರ್ಚಿ 31ಕ್ಕೆ ಲೆಕ್ಕ ಮುಗಿದು ಸೆಪ್ಟೆಂಬರದೊಳಗೆ ಮಹಾಸಭೆ ಸೇರಬೇಕಾಗುವುದರಿಂದ ಅನೇಕ ವೇಳೆ ಸಭೆಯು ಮಳೆಗಾಲಕ್ಕೆ ಬೀಳುತ್ತದೆ. ಜೊಯಿಡಾ ಕಾಡಿನ ಚದುರಿದ ಊರುಗಳಿಂದ ಒಂದು ದಿನದ ಕೂಲಿ ಬಿಟ್ಟು ಹಳ್ಳ ದಾಟಿ ಬರುವುದು ಸುಲಭವಲ್ಲ. ಕನ್ನಡದೊಡನೆ ಮರಾಠಿಯೂ ಕೊಂಕಣಿಯೂ ಮನೆಮಾತಾಗಿರುವೆಡೆ, ಒಂದೇ ಸಲ ಬಿರುಸಿನಿಂದ ಓದಿ ಮುಗಿಸಿದ ವರದಿಯು ಎಲ್ಲರಿಗೆ ತಿಳಿಯುವುದೆ? ಮೈಬಗ್ಗಿಸಿ ನಾಟಿ ಮಾಡುವ ತಾಯಿಯ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಆಕೆಗೆ ಬೆಳೆಸಾಲವೇ ದುರ್ಲಭ. ಅರಣ್ಯಭೂಮಿಯನ್ನು ಉಳುತ್ತಿದ್ದರೂ 2006ರ ಅರಣ್ಯಹಕ್ಕು ಕಾಯದೆಯ ಮೇರೆಗೆ ಪತ್ರ ದೊರೆಯದವನ ಗತಿಯೂ ಅಂಥದೇ. ಮಂಡಳಿಗಳು ಮಹಾಸಭೆಗೆ ಮೊದಲು ಊರೂರಿಗೆ ಹೋಗಿ ಲೆಕ್ಕವನ್ನು ಅಲ್ಲಿಯ ಜನರ ಮಾತಿನಲ್ಲಿ ತಿಳಿಸಲಿ. ಗಂಡಸರು ತಮ್ಮ ಖಾತೆಗಳಲ್ಲಿ ಹೆಂಗಸರ ಹೆಸರುಗಳನ್ನು ಸೇರಿಸಲಿ.

ಸಂಘವು ಮುಳುಗಿದರೆ ಪುಢಾರಿಗೆ ಒಂದು ಪದವಿ ಹೋಗುವುದು. ಒಕ್ಕಲಿಗನಿಗಾದರೋ ಶೇರೂ ಠೇವಣಿಯೂ ಬಿತ್ತನೆಯ ಸಾಲವೂ ಹೋಗುವುವು. ಬರಲಿರುವ ಮಹಾಸಭೆಗೆ ಪ್ರತಿಯೊಬ್ಬ ಸದಸ್ಯನು ನೆರೆಯ ಇನ್ನೊಬ್ಬನನ್ನು ಕರೆದುಕೊಂಡು ಹೋಗಲಿ, ಒಂದು ಪ್ರಶ್ನೆಯನ್ನಾದರೂ ಕೇಳಿ ಬರಲಿ. ಅಷ್ಟರಿಂದಲೇ ಸಂಘವು ಸದಸ್ಯರದಾಗುವುದು.